ಹಳೆಯ ಬಾಡಿಗೆ ಮನೆಗಳ ದುರಸ್ತಿ: ಕಡಿಮೆ ಬಡ್ಡಿಯ ಸಾಲವೇ, ಮನ್ನಾ ಆಗುವ ಸಾಲವೇ?

ಕಡಿಮೆ ಬಾಡಿಗೆಯ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿಸಬೇಕೆಂದಿರುವ ಮಾಲೀಕರ ಮುಂದೆ ಹೆಚ್ಚಾಗಿ ಬರುವ ನೆರವಿನ ರೂಪಗಳು ಎರಡು: ಕಡಿಮೆ ಬಡ್ಡಿಯ ಸಾಲ, ಮತ್ತು ಕರಾರಿನ ಷರತ್ತುಗಳನ್ನು ಪಾಲಿಸಿದರೆ ತೀರಿಸಬೇಕಿಲ್ಲದ, ಅಂದರೆ ಮನ್ನಾ ಆಗುವ ಸಾಲ.

ಕಡಿಮೆ ಬಡ್ಡಿಯ ಸಾಲದ ಲಾಭ ಲೆಕ್ಕಕ್ಕೆ ಸುಲಭ. 15 ವರ್ಷಗಳ ಸಾಲಕ್ಕೆ ಬಡ್ಡಿ ಶೇ 8ರ ಬದಲು ಶೇ 3 ಆದರೆ ತಿಂಗಳ ಕಂತು ಸುಮಾರು ಶೇ 28ರಷ್ಟು ಇಳಿಯುತ್ತದೆ. ಆದರೂ ತೆರಿಗೆ, ವಿಮೆ, ನಿರ್ವಹಣೆಯ ಖರ್ಚು ಕಳೆದ ಮೇಲೆ ಏನೂ ಉಳಿಯದ ಕಟ್ಟಡದಲ್ಲಿ ಆ ಕಂತನ್ನು ಕೊನೆಗೆ ತೆರುವವರು ಬಾಡಿಗೆದಾರರೇ.

ಮನ್ನಾ ಆಗುವ ಸಾಲದಲ್ಲಿ ಕಂತಿನ ಬದಲು ಕರಾರು ಇರುತ್ತದೆ: ನಿಗದಿತ ಅವಧಿಯವರೆಗೆ ಬಾಡಿಗೆಯನ್ನು ಮಿತಿಯೊಳಗೆ ಇಡಬೇಕು, ತಪಾಸಣೆಗೆ ಒಪ್ಪಬೇಕು. ವರ್ಷಕ್ಕೆ ಹತ್ತನೇ ಒಂದು ಭಾಗ ಮನ್ನಾ ಆಗುವ ಕರಾರಿನಲ್ಲಿ ಆರು ವರ್ಷಗಳ ನಂತರ ಕಟ್ಟಡವನ್ನು ಮಾರಿದರೆ, ಉಳಿದ ಶೇ 40ರಷ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಕೆಲವು ಯೋಜನೆಗಳಲ್ಲಿ ಕೆಲಸ ಮುಗಿದ ಮೇಲಷ್ಟೇ ಹಣ ಬಿಡುಗಡೆಯಾಗುವುದರಿಂದ, ಗುತ್ತಿಗೆದಾರರಿಗೆ ಮುಂಗಡ ಕೊಡುವ ಹಣವನ್ನು ಚಿಕ್ಕ ಮಾಲೀಕರು ಬೇರೆಡೆ ಹೊಂದಿಸಿಕೊಳ್ಳಬೇಕು. ಅರ್ಜಿ ಹಾಕುವ ಮುನ್ನವೇ ಇದನ್ನು ವಿಚಾರಿಸುವುದು ಒಳ್ಳೆಯದು.

ಸೋರುವ ಛಾವಣಿ, ಹಳೆಯ ವೈರಿಂಗ್, ತುಕ್ಕು ಹಿಡಿದ ಕೊಳವೆಗಳಂತಹ ಕೆಲಸಗಳು ಆದಾಯವನ್ನು ಹೆಚ್ಚಿಸುವುದಿಲ್ಲ, ಆದರೆ ಅವುಗಳನ್ನು ಮುಂದೂಡಿದರೆ ಮನೆಯೇ ವಾಸಕ್ಕೆ ಅಯೋಗ್ಯವಾಗುತ್ತದೆ. ಇಂಥವಕ್ಕೆ, ಕಟ್ಟಡವನ್ನು ಉಳಿಸಿಕೊಳ್ಳುವ ಉದ್ದೇಶವಿರುವ ಮಾಲೀಕರು ಮನ್ನಾ ಆಗುವ ಸಾಲವನ್ನೇ ಆರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಈಗಿರುವ ಕುಟುಂಬಗಳು ಅಲ್ಲೇ ಮುಂದುವರಿಯುವ ಭರವಸೆ ಆ ಕರಾರಿನಲ್ಲಿದೆ. ಕೆಲವೇ ವರ್ಷಗಳಲ್ಲಿ ಮಾರುವ ಯೋಚನೆಯಿದ್ದರೆ ಕಡಿಮೆ ಬಡ್ಡಿಯ ಸಾಲವೇ ಸೂಕ್ತ.