ಮಂಡ್ಯ ತಾನೇ ಅಂತ ಹಿಂದೆ ಹುಕ್ಕಿರೋ ಬ್ಲೌಸ್ ಹಾಕ್ಕೊಂಡು ಹೊರಟೆ

ಎದೆಹಾಲು ಕುಡಿಯುವ ಮಗು ಇದೆಯಾ? ಈ ಸಲದ ಲಗ್ನದಲ್ಲಿ ಯಾವುದಾದರೂ ಮದುವೆಗೆ ಹೊರಟಿದ್ದೀರಾ? ಹಾಗಾದರೆ ರೇಷ್ಮೆ ಸೀರೆ ತೆಗೆದಿಡುವ ಮೊದಲು ಇದನ್ನ ಓದಿಬಿಡಿ. ನನಗಾದದ್ದು ಇನ್ನೊಬ್ಬರಿಗೆ ಆಗೋದು ಬೇಡ.

ನಾವಿರುವುದು ಮೈಸೂರಿನಲ್ಲಿ. ಹೋದ ಮೇ ತಿಂಗಳು ಮಂಡ್ಯದ ಕಡೆ ನಮ್ಮ ಯಜಮಾನರ ಚಿಕ್ಕಪ್ಪನ ಮಗಳ ಮದುವೆ. ನನ್ನ ಪಾಪುವಿಗೆ ಆಗ ನಾಲ್ಕು ತಿಂಗಳು. ಬೆಂಗಳೂರಿಗೆ ಹೋಗುವುದಾದರೆ ಹಿಂದಿನ ದಿನವೇ ಲಿಸ್ಟ್ ಮಾಡಿ, ಎರಡು ಬ್ಯಾಗು ತುಂಬಿ, ಹತ್ತು ಸಲ ನೋಡಿಕೊಳ್ಳುತ್ತಿದ್ದೆ. ಇದು ಮಂಡ್ಯ ತಾನೇ, 45 ಕಿಲೋಮೀಟರ್, ಒಂದು ಗಂಟೆ ದಾರಿ, ಮಧ್ಯಾಹ್ನ ಊಟ ಮಾಡಿ ವಾಪಸ್ ಬಂದುಬಿಡುವುದು ಅಂತ ಎರಡು ಡೈಪರ್, ಅರ್ಧ ಖಾಲಿಯಾದ ವೈಪ್ಸ್ ಪ್ಯಾಕೆಟ್ಟು, ಒಂದು ಟವೆಲ್ ತುರುಕಿಕೊಂಡು ಹೊರಟೆ. ಎಲ್ಲಾ ಕೆಟ್ಟಿದ್ದು ಆ 'ತಾನೇ' ಅನ್ನೋದರಿಂದ.

ಬ್ಲೌಸಿನ ಕಥೆ ಮೊದಲು ಹೇಳುತ್ತೇನೆ. ನನ್ನ ಮದುವೆಯಲ್ಲಿ ಹೊಲಿಸಿದ್ದ ಬ್ಲೌಸು, ಹುಕ್ಕೆಲ್ಲಾ ಬೆನ್ನ ಹಿಂದೆ. ಬಾಣಂತನ ಆದ ಮೇಲೆ ಮೈ ಬಂದಿತ್ತು, ಅತ್ತೆ ಹಿಂದಿನಿಂದ ಎಳೆದು ಎಳೆದು ಹುಕ್ಕು ಹಾಕಿದರು. ಕನ್ನಡಿ ಮುಂದೆ ನಿಂತು ಚೆನ್ನಾಗಿದೆ ಅಂದುಕೊಂಡೆನೇ ಹೊರತು, ಇದನ್ನ ಹಾಕಿಕೊಂಡು ಹಾಲು ಕುಡಿಸೋದು ಹೇಗೆ ಅಂತ ಒಂದೇ ಒಂದು ಸಲ ಯೋಚನೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ನೈಟಿಯಲ್ಲೇ ಕೂತು ಕುಡಿಸಿದ್ದೆ, ಆಮೇಲೆ ಸೀರೆ ಉಟ್ಟಿದ್ದು. ಪಾಪು ದಾರಿಯುದ್ದಕ್ಕೂ ನಿದ್ದೆ.

ಛತ್ರ ಮುಟ್ಟಿದಾಗ ಎಂಟು ಗಂಟೆ. ಪಾಪು ಎದ್ದಳು, ಅಳು ಶುರು. ಹೆಣ್ಣಿನ ಕಡೆ ರೂಮಿಗೆ ಹೋದರೆ ಮದುಮಗಳಿಗೆ ಮೇಕಪ್ಪು, ನೆಲದ ತುಂಬ ಸೂಟ್‌ಕೇಸು, ಫೋಟೋದವನು ಬೇರೆ ಒಳಗೇ ನಿಂತಿದ್ದಾನೆ. "ಒಸಿ ತಡ್ಕೊ ಕಣವ್ವ, ಧಾರೆ ಮುಗೀಲಿ, ರೂಮು ಖಾಲಿ ಮಾಡ್ಸಿಕೊಡ್ತೀನಿ" ಅಂದರು ದೊಡ್ಡಮ್ಮ. ಪಾಪ, ಅವರದು ತಪ್ಪಿಲ್ಲ. ಗಂಡಿನ ಕಡೆ ರೂಮಿಗೆ ಬೀಗ, ಒಳಗೆ ಒಡವೆ. ಉಳಿದಿದ್ದು ಬಾತ್‌ರೂಮು. ಹೋಗಿ ನೋಡಿದೆ. ನೆಲದಲ್ಲಿ ನೀರು, ಕೂರಲು ಜಾಗವಿಲ್ಲ, ಮೂಗು ಬಿಡಂಗಿಲ್ಲ. ನಾವು ಅಲ್ಲಿ ಕೂತು ಒಂದು ತುತ್ತು ಊಟ ಮಾಡ್ತೀವಾ? ಮಗುವಿಗೆ ಮಾತ್ರ ಅಲ್ಲೇ ಕೊಡಬೇಕಾ? ವಾಪಸ್ ಬಂದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ಜಾಗದಲ್ಲಿ ಎದೆಹಾಲು ಕೊಡುವುದನ್ನ ಯಾರೂ ಕೀಳಾಗಿ ನೋಡಬಾರದು ಅಂತ ಹೇಳಿದೆ, ಹಾಲು ಕುಡಿಸುವ ರೂಮುಗಳ ಬಗ್ಗೆ ರಾಜ್ಯಗಳಿಗೂ ಸೂಚನೆ ಕೊಟ್ಟಿದೆ. ನನಗೆ ಗೊತ್ತಿತ್ತು. ಆದರೆ ಐನೂರು ಜನರ ಮಧ್ಯೆ, ಬೀಗರ ಎದುರಿಗೆ, ಬೆನ್ನ ಹಿಂದಿನ ಹುಕ್ಕು ಬಿಚ್ಚುವುದಕ್ಕೆ ಯಾವ ಕೋರ್ಟು ತಾನೇ ಸಹಾಯ ಮಾಡುತ್ತೆ ಹೇಳಿ.

ಅಷ್ಟರಲ್ಲಿ ನೆಂಟರೊಬ್ಬರು ತಮ್ಮ ಮಗುವಿಗೆ ತಂದಿದ್ದ ಡಬ್ಬಿ ಹಾಲಿನ ಪುಡಿ ತೆಗೆದು, ಊಟದ ಹಾಲ್‌ನಲ್ಲಿದ್ದ ಕ್ಯಾನ್ ನೀರಿಗೇ ಕಲಸಿ, ಬಾಟಲಿ ಬಾಯಿಗಿಟ್ಟೇಬಿಟ್ಟರು. ಪಾಪು ಕುಡಿದು ಮಲಗಿದಳು. ಎಲ್ಲರೂ ಉಸ್ಸಪ್ಪಾ ಅಂದರು, ನಾನೂ ಅಂದೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರು ಕೂಡ ಬೇಡ ಅಂತ ಡಾಕ್ಟರು ಹೇಳಿದ್ದು ನೆನಪಿತ್ತು. ಬೇರೆ ದಾರಿಯೇ ಇಲ್ಲದೆ ಪುಡಿ ಹಾಲು ಕೊಡಬೇಕಾಗಿ ಬಂದರೂ ಕುದಿಸಿದ ನೀರಲ್ಲೇ, ಅದೂ 70 ಡಿಗ್ರಿಗಿಂತ ಕಡಿಮೆ ಇಲ್ಲದಷ್ಟು ಬಿಸಿ ಇರುವಾಗಲೇ ಕಲಸಿ ಆರಿಸಿ ಕೊಡಬೇಕು, ಕ್ಯಾನ್ ನೀರಿಗಲ್ಲ. ಅವಳಿಗೆ ಭೇದಿ ಆಗಲಿಲ್ಲ, ನಮ್ಮ ಪುಣ್ಯ. ಮಗುವಿನ ಹೊಟ್ಟೆ ತುಂಬಿತು ಸರಿ, ನನ್ನ ಎದೆ ಖಾಲಿ ಆಗಲಿಲ್ಲವಲ್ಲ! ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎರಡು ಮೂರು ಗಂಟೆಗೊಮ್ಮೆ ಕುಡಿಸಿ ಅಭ್ಯಾಸವಾದ ಮೈ, ಅದರ ಪಾಡಿಗೆ ಅದು ಹಾಲು ತುಂಬಿಸುತ್ತಲೇ ಇತ್ತು, ಮೇಲೆ ಬಿಗಿ ಬ್ಲೌಸು.

ಇನ್ನು ಡೈಪರ್. ಬೆಳಿಗ್ಗೆ ಹಾಕಿದ್ದನ್ನ ಹನ್ನೊಂದೂವರೆವರೆಗೆ ಬದಲಾಯಿಸಿರಲಿಲ್ಲ. ಬಲಗೈಯಲ್ಲಿ ಅಕ್ಷತೆ, ಎಡಗೈಯಲ್ಲಿ ಪಾಪು. ಮುಹೂರ್ತ ಮುಗಿಯುತ್ತಿದ್ದ ಹಾಗೆ ಅತ್ತಿಗೆ ಎತ್ತಿಕೊಂಡರು, ಎತ್ತಿಕೊಂಡ ಎರಡೇ ನಿಮಿಷಕ್ಕೆ ಅವರ ಹಸಿರು ರೇಷ್ಮೆ ಸೀರೆಯ ಮಡಿಲಲ್ಲಿ ಅಂಗೈಯಗಲ ಹಳದಿ. ತೊಡೆ ಸಂದಿಯಿಂದ ಹೊರಗೆ ಬಂದಿತ್ತು. ಅತ್ತಿಗೆ ಏನೂ ಅನ್ನಲಿಲ್ಲ, ನಕ್ಕರು, ಆದರೆ ಆ ನಗು ಹೇಗಿತ್ತು ಅಂತ ನನಗೆ ಗೊತ್ತು. ಊಟದ ಹಾಲ್‌ನ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ, ಟವೆಲ್ ಹಾಸಿ ಬಿಚ್ಚಿ ನೋಡಿದರೆ ತೊಡೆ ಸಂದಿ, ಕುಂಡೆ ಎಲ್ಲಾ ಕೆಂಪು ಕೆಂಪು. ವೈಪ್ಸ್ ತಾಗಿಸಿದರೆ ಚೀರುತ್ತಾಳೆ. ಕೊನೆಗೆ ಕುಡಿಯುವ ನೀರಲ್ಲಿ ಹತ್ತಿ ಬಟ್ಟೆ ಅದ್ದಿ ಒರೆಸಿದೆ. ಆ ಸೆಕೆಯಲ್ಲಿ ಐದೂವರೆ ಗಂಟೆ ಒಂದೇ ಡೈಪರ್, ಇನ್ನೇನಾಗುತ್ತೆ.

ಕೊಳಕು ಡೈಪರ್ ಹಾಕುವುದಕ್ಕೆ ಡಸ್ಟ್‌ಬಿನ್ ಎಲ್ಲೂ ಕಾಣಲಿಲ್ಲ. ನಾದಿನಿಯ ಮಗಳ ಕೈಗೆ ಕೊಟ್ಟು "ಎಲ್ಲಾದ್ರೂ ಹಾಕಿ ಬಾ ಪುಟ್ಟಿ" ಅಂದೆ. ಹುಡುಗಿ ಅದನ್ನ ಕಕ್ಕಸಿನ ಗುಂಡಿಯೊಳಗೆ ಹಾಕಿ, ಒಂದು ಬಕೆಟ್ ನೀರು ಸುರಿದು, ಖುಷಿಯಾಗಿ ಐಸ್‌ಕ್ರೀಮ್ ತಿನ್ನಲು ಹೋದಳು. ಡೈಪರ್ ಒಳಗೆ ಇರುವುದು ನೀರು ಹೀರಿ ಜೆಲ್ ಆಗುವ ಪುಡಿ ನೋಡಿ, ನೀರು ಸುರಿದಷ್ಟೂ ಉಬ್ಬುತ್ತೆ. ಮೊದಲನೇ ಪಂಕ್ತಿ ಪಾಯಸಕ್ಕೆ ಬರುವ ಹೊತ್ತಿಗೆ ಕಕ್ಕಸು ಕಟ್ಟಿಕೊಂಡು ನೀರು ಬಾಗಿಲಾಚೆ ಹರಿಯುತ್ತಿತ್ತು. ಛತ್ರದವನು ಕೋಲು ಹಿಡಿದುಕೊಂಡು, "ಯಾರ್ರೀ ಇಲ್ಲಿ ಕೂಸಿನ ಕಡೆಯೋರು" ಅಂತ ಕೂಗಿದ. ನಾನು ಎಲೆ ನೋಡಿಕೊಂಡು ಕೂತೆ. ತಪ್ಪು ಆ ಹುಡುಗಿಯದಲ್ಲ, 'ಎಲ್ಲಾದ್ರೂ' ಅಂದವಳು ನಾನು.

ವಾಪಸ್ ಹೊರಟಾಗ ಎರಡೂವರೆ. ಅಷ್ಟು ಹೊತ್ತಿಗೆ ಎಡಗಡೆ ಎದೆ ಕಲ್ಲು. ಬ್ಲೌಸ್ ಒದ್ದೆಯಾಗಿ ಸೆರಗು ಎಳೆದುಕೊಂಡು ಕೂತಿದ್ದೆ. ಹೈವೇ ಹತ್ತಿದ ಮೇಲೆ ಪಾಪು ಮತ್ತೆ ಅತ್ತಳು. ಅಲ್ಲಿ ಮನಸ್ಸು ಬಂದ ಕಡೆ ನಿಲ್ಲಿಸುವ ಹಾಗಿಲ್ಲ, ಗಾಡಿಗಳು ನೂರರಲ್ಲಿ ಹೋಗುತ್ತಿರುತ್ತವೆ. ಹಿಂದಿನ ಸೀಟಿನಲ್ಲೇ ಅತ್ತೆ ಕೈಲಿ ಹುಕ್ಕು ಬಿಚ್ಚಿಸಿಕೊಂಡು, ಬೆಲ್ಟ್ ತೆಗೆದು, ಪಾಪುವನ್ನ ಎದೆಗೆ ಹಾಕಿಕೊಂಡೆ. ಗಣಂಗೂರು ಟೋಲ್ ಹತ್ತಿರ ಮುಂದಿನ ಗಾಡಿ ಗಕ್ಕನೆ ನಿಂತಿತು. ಇವರೂ ಬ್ರೇಕ್ ತುಳಿದರು. ನನ್ನ ಮೊಣಕೈ ಮುಂದಿನ ಸೀಟಿಗೆ ಬಡಿಯಿತು, ಪಾಪುವಿನ ತಲೆಗೂ ಸೀಟಿಗೂ ಮಧ್ಯೆ ಇದ್ದದ್ದು ನನ್ನ ಕೈ ಮಾತ್ರ. ಮೊಣಕೈ ವಾರವಿಡೀ ಕಪ್ಪಾಗಿತ್ತು. ಓಡುವ ಕಾರಿನಲ್ಲಿ ಹಾಲು ಕುಡಿಸಬೇಡಿ. ಮಗು ಅಳಲಿ, ಹಸಿಯಲಿ, ಪರವಾಗಿಲ್ಲ, ಹೈವೇ ಹತ್ತುವ ಮೊದಲೇ ಯಾವುದಾದರೂ ಮರದ ಕೆಳಗೆ ನಿಲ್ಲಿಸಿ ಕುಡಿಸಿಕೊಂಡು ಹತ್ತಿ. ಹತ್ತಿದ ಮೇಲಾದರೆ ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿ.

ರಾತ್ರಿ ಒಂಬತ್ತಕ್ಕೆ ಚಳಿ ಹತ್ತಿತು. ಮೇ ತಿಂಗಳಲ್ಲಿ ಎರಡು ರಗ್ಗು ಹೊದ್ದರೂ ನಡುಕ. ಜ್ವರ 102. ಎಡ ಎದೆ ಮೇಲೆ ಕೆಂಪಗೆ ಒಂದು ಪಟ್ಟೆ, ಮುಟ್ಟಿದರೆ ಪ್ರಾಣ ಹೋಗುವ ನೋವು. ಫೋನಿನಲ್ಲಿ ಸಲಹೆಗಳ ಮೇಲೆ ಸಲಹೆ. ಚೆನ್ನಾಗಿ ತಿಕ್ಕಿ ಗಂಟು ಒಡೆಸು ಅಂದರು ಒಬ್ಬರು. ಮಲ್ಲಿಗೆ ಹೂ ಕಟ್ಟಿಕೋ, ಇಳಿಯುತ್ತೆ ಅಂದರು ಇನ್ನೊಬ್ಬರು. ಮೈಸೂರಲ್ಲಿ ಮಲ್ಲಿಗೆಗೇನು ಬರ ಇಲ್ಲವಲ್ಲ, ಅತ್ತೆ ಎರಡು ಮೊಳ ತರಿಸಿಯೂ ಇದ್ದರು. ನಮ್ಮಮ್ಮ ಫೋನಿನಲ್ಲೇ ಗದರಿದರು: "ಅಯ್ಯೋ, ಅದು ಹಾಲು ನಿಲ್ಲಿಸೋಕೆ ಕಟ್ಟೋದು ಕಣೇ, ಬಿಸಾಕು." ಹೂವು ದೇವರಿಗೆ ಹೋಯಿತು.

ಬೆಳಿಗ್ಗೆ ಡಾಕ್ಟರಮ್ಮ ನೋಡಿದ ತಕ್ಷಣ ಮಾಸ್ಟೈಟಿಸ್ ಅಂದರು, ಹಾಲು ಕಟ್ಟಿಕೊಂಡು ಎದೆಗೆ ಬರುವ ಉರಿಯೂತ. ತಿಕ್ಕಲೇಬೇಡಿ ಅಂದರು, ಜೋರಾಗಿ ತಿಕ್ಕಿದರೆ ಊತ ಇನ್ನೂ ಜಾಸ್ತಿ ಆಗುತ್ತಂತೆ. ತಣ್ಣನೆ ಬಟ್ಟೆ ಇಡಿ, ಸಡಿಲ ಬಟ್ಟೆ ಹಾಕಿ, ಮಾತ್ರೆ ತಗೊಳ್ಳಿ, ಮುಖ್ಯವಾಗಿ ಮಗುವಿಗೆ ಕುಡಿಸುವುದನ್ನ ನಿಲ್ಲಿಸಬೇಡಿ, ಆ ಕಡೆಯದ್ದನ್ನೂ ಕುಡಿಸಿ, ಆ ಹಾಲಿನಿಂದ ಮಗುವಿಗೆ ಏನೂ ಆಗಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಕೀವು ತುಂಬಿ ಕುಯ್ಯಬೇಕಾಗುತ್ತಿತ್ತೇನೋ ಅಂದರು. ನಾನು ಕೇಳಿದ್ದು ಒಂದೇ, ಛತ್ರದಲ್ಲಿ ಏನು ಮಾಡಬೇಕಿತ್ತು? ಕುಡಿಸಲು ಆಗದಿದ್ದರೆ ಬಾಗಿಲು ಹಾಕಿಕೊಂಡು ಐದು ನಿಮಿಷ ಕೈಯಲ್ಲೇ ಮೆಲ್ಲಗೆ ಹಿಂಡಿ ಭಾರ ಇಳಿಸಬೇಕಿತ್ತು ಅಂದರು. ಅಷ್ಟೇ. ಅದಕ್ಕೆ ಬಾತ್‌ರೂಮಾದರೂ ಸಾಕಿತ್ತು. ಹಿಂಡಿದ್ದನ್ನ ಇಟ್ಟುಕೊಳ್ಳುವುದಾದರೆ 25 ಡಿಗ್ರಿ ಒಳಗಿನ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತೆ, ನಮ್ಮ ಬೇಸಿಗೆಗೆ ಅದನ್ನ ನಂಬಬೇಡಿ, ಐಸ್ ಪ್ಯಾಕ್ ಇರುವ ಬ್ಯಾಗು ಬೇಕು.

ಈಗ ನನ್ನ ಬ್ಯಾಗಿನಲ್ಲಿ ಎಷ್ಟು ಗಂಟೆ ಹೊರಗಿರುತ್ತೇವೋ ಅದರ ಅರ್ಧದಷ್ಟು ಡೈಪರ್, ಮೇಲೆ ಎರಡು ಜಾಸ್ತಿ. ಹತ್ತಿ ಬಟ್ಟೆ, ಒಂದು ಬಾಟಲಿ ನೀರು, ಕೊಳಕು ಡೈಪರ್ ಸುತ್ತೋಕೆ ಹಳೇ ನ್ಯೂಸ್ ಪೇಪರ್, ಗಂಟು ಹಾಕೋಕೆ ಕವರ್. ಮನೆಯ ಡಸ್ಟ್‌ಬಿನ್ ಸಿಗುವವರೆಗೆ ಅದು ನನ್ನ ಜೊತೆಯೇ ಬರುತ್ತೆ, ಯಾರ ಕೈಗೂ ಕೊಡಲ್ಲ. ಬ್ಲೌಸ್‌ಗಳೆಲ್ಲಾ ಮುಂದೆ ಹುಕ್ಕು. ಟೈಲರ್ "ಈಗ ಯಾರೂ ಹಿಂಗೆ ಹೊಲಿಸಲ್ಲ ಮೇಡಂ" ಅಂದ, ಹೊಲಿಯಪ್ಪ ನೀನು ಅಂದೆ.

ಮುಂದಿನ ತಿಂಗಳು ಮದ್ದೂರಿನಲ್ಲಿ ಒಂದು ಗೃಹಪ್ರವೇಶ ಇದೆ. ಈಗಲೇ ಫೋನ್ ಮಾಡಿ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ರೂಮು ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿದೆ. "ರೂಮಿದೆ ಕಣವ್ವ, ಬಾಗ್ಲಿಗೆ ಇನ್ನೂ ಚಿಲಕ ಹಾಕ್ಸಿಲ್ಲ" ಅಂದರು. ಒಂದು ಹಳೇ ಬೆಡ್‌ಶೀಟು, ನಾಲ್ಕು ಬಟ್ಟೆ ಕ್ಲಿಪ್ಪು ಆಗಲೇ ಬ್ಯಾಗಿಗೆ ಹಾಕಿಟ್ಟಿದ್ದೀನಿ.