ಏರೋಪ್ಲೇನ್ ಚಿಟ್ಟೆ ನೋಡುವವರಿಗೆ ಪೆಂಟಾಕ್ಸ್ ಪ್ಯಾಪಿಲಿಯೋ: ಪುಣೆಯಲ್ಲಿ ಬಳಸಿ ಬರೆದದ್ದು

ಡ್ರ್ಯಾಗನ್‌ಫ್ಲೈ (ಅದೇ ಏರೋಪ್ಲೇನ್ ಚಿಟ್ಟೆ), ಅದರ ತೆಳ್ಳಗಿನ ನೆಂಟ ಡ್ಯಾಮ್ಸೆಲ್‌ಫ್ಲೈ ನೋಡಲು ಬೈನಾಕ್ಯುಲರ್ ಬೇಕು ಅಂತ ಅಂಗಡಿಗೆ ಹೋದರೆ ಎಲ್ಲರೂ ಎಷ್ಟು ಎಕ್ಸ್ ಬೇಕು, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು, ಅಂತಲೇ ಕೇಳುತ್ತಾರೆ. ನೀವು ಮಾತ್ರ ಒಂದೇ ಪ್ರಶ್ನೆ ಕೇಳಿ: ಎಷ್ಟು ಹತ್ತಿರ ಇರುವುದು ಸ್ಪಷ್ಟವಾಗಿ ಕಾಣುತ್ತದೆ? ಪೆಂಟಾಕ್ಸ್ ಪ್ಯಾಪಿಲಿಯೋ 2 ಬೈನಾಕ್ಯುಲರ್, ಅದರಲ್ಲೂ 6.5×21 ಮಾದರಿ (6.5 ಎಕ್ಸ್, ಮುಂದಿನ ಲೆನ್ಸ್‌ನ ಅಗಲ 21 ಮಿ.ಮೀ.), 50 ಸೆಂ.ಮೀ. ದೂರದ್ದನ್ನೂ ತೋರಿಸುತ್ತದೆ. ನನಗೆ ಇದು ಇಷ್ಟವಾಗಿದ್ದು ಇದಕ್ಕೇ.

ಲೆಕ್ಕ ಹಾಕಿ ನೋಡಿ. ಹಕ್ಕಿ ನೋಡುವವರ 8×42 ಬೈನಾಕ್ಯುಲರ್‌ಗಳು ಸಾಮಾನ್ಯವಾಗಿ ಎರಡು ಮೀಟರ್‌ಗಿಂತ ಹತ್ತಿರದ್ದನ್ನು ಮಸುಕಾಗಿಸುತ್ತವೆ. ಎರಡು ಮೀಟರ್ ದೂರದ ಹುಳ ಅದರಲ್ಲಿ 25 ಸೆಂ.ಮೀ. ದೂರ ಇಟ್ಟು ಬರಿಗಣ್ಣಲ್ಲಿ ನೋಡಿದಷ್ಟೇ ಕಾಣುತ್ತದೆ. ಪ್ಯಾಪಿಲಿಯೋದಲ್ಲಿ ಅರ್ಧ ಮೀಟರ್ ದೂರದ ಹುಳ 8 ಸೆಂ.ಮೀ. ಹತ್ತಿರಕ್ಕೆ ಬಂದಷ್ಟು ಕಾಣುತ್ತದೆ. ಅಂದರೆ ಎಕ್ಸ್ ಕಡಿಮೆಯಿದ್ದರೂ ಮೂರು ಪಟ್ಟು ದೊಡ್ಡದು! ಮಾಮೂಲಿ ಬೈನಾಕ್ಯುಲರ್‌ನಲ್ಲಿ ಹತ್ತಿರದ ವಸ್ತು ನೋಡಿದರೆ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಬಂದು ಒಂದರ ಮೇಲೊಂದು ಕೂರುವುದಿಲ್ಲ. ಇಲ್ಲಿ ಫೋಕಸ್ ಚಕ್ರ ತಿರುಗಿಸಿದ ಹಾಗೆ ಮುಂದಿನ ಎರಡು ಲೆನ್ಸ್‌ಗಳೂ ಒಳಕ್ಕೆ ಸರಿಯುತ್ತವೆ, ಹಾಗಾಗಿ ಆ ತೊಂದರೆ ಇಲ್ಲ. ತೂಕ 290 ಗ್ರಾಂ, ಕುತ್ತಿಗೆಗೆ ಭಾರವೇ ಅಲ್ಲ.

ಗುರುತಿಸುವ ಕೆಲಸದಲ್ಲಿ ಇದು ಎಲ್ಲಿ ನೆರವಾಗುತ್ತದೆ ಅಂತ ಹೇಳಬೇಕು, ಯಾಕಂದರೆ ಆ ಕೆಲಸಕ್ಕೇ ಅಲ್ವಾ ನಾವು ದುಡ್ಡು ಕೊಡುವುದು. ಪಾಷಾಣ್ ಕೆರೆಯ ದಂಡೆಯಲ್ಲಿ ಮಳೆ ಕಡಿಮೆಯಾದ ಮೇಲೆ ಒಂದು ಕೆಂಪು ಡ್ರ್ಯಾಗನ್‌ಫ್ಲೈ ಕೂತಿದೆ ಅಂದುಕೊಳ್ಳಿ. ಬರಿಗಣ್ಣಿಗೆ ಅದು ಸುಮ್ನೆ ಕೆಂಪು. ಪ್ಯಾಪಿಲಿಯೋದಲ್ಲಿ ಹೊಟ್ಟೆಯ ನಡುವೆ ಉದ್ದಕ್ಕೂ ತೆಳ್ಳಗಿನ ಕಪ್ಪು ಗೆರೆ ಕಂಡರೆ ರಡ್ಡಿ ಮಾರ್ಶ್ ಸ್ಕಿಮ್ಮರ್. ಗೆರೆ ಇಲ್ಲದೆ ಹೊಟ್ಟೆಯ ಎಂಟು, ಒಂಬತ್ತನೇ ಖಂಡದ (ಉಂಗುರದಂಥ ಭಾಗದ) ಮೇಲೆ ಕಪ್ಪು ಮಚ್ಚೆ, ಹಿಂದಿನ ರೆಕ್ಕೆಯ ಬುಡದಲ್ಲಿ ಗಾಢ ಕಂದು ಕಲೆ ಇದ್ದರೆ ಗ್ರೇಟರ್ ಕ್ರಿಮ್ಸನ್ ಗ್ಲೈಡರ್. ಬಣ್ಣ ನೇರಳೆ ಬೆರೆತ ಗುಲಾಬಿಯಾಗಿದ್ದು ರೆಕ್ಕೆಯ ನರಗಳೂ ಕೆಂಪಾಗಿದ್ದರೆ ಅದು ಕ್ರಿಮ್ಸನ್ ಮಾರ್ಶ್ ಗ್ಲೈಡರ್ ಗಂಡು. ರೆಕ್ಕೆಯ ನರದ ಬಣ್ಣವನ್ನು ಹುಳ ಹಿಡಿಯದೆ, ಬಲೆ ಬೀಸದೆ, ನಿಂತಲ್ಲೇ ನೋಡುವುದಿದೆಯಲ್ಲ, ಆ ಖುಷಿಯೇ ಬೇರೆ.

ಹೊಸಬರಿಗೆ ಮೊದಲು ಹೇಳಿಕೊಡುವುದು ಇಷ್ಟು: ರೆಕ್ಕೆ ಅಗಲಿಸಿ ಕೂರುವುದು, ಕಣ್ಣು ಒಂದಕ್ಕೊಂದು ತಾಗಿರುವುದು ಡ್ರ್ಯಾಗನ್‌ಫ್ಲೈ, ರೆಕ್ಕೆ ಬೆನ್ನ ಮೇಲೆ ಮಡಚಿ ಕೂರುವುದು, ಕಣ್ಣು ದೂರ ದೂರ ಇರುವುದು ಡ್ಯಾಮ್ಸೆಲ್‌ಫ್ಲೈ. ಒಳ್ಳೆಯ ನಿಯಮ, ಆದರೆ ಪೂರ್ತಿ ಅಲ್ಲ. ನೀರಿನ ಪಕ್ಕದ ಒಣ ಕಡ್ಡಿಯ ತುದಿಯಲ್ಲಿ ಕೂರುವ ಕಾಮನ್ ಕ್ಲಬ್‌ಟೇಲ್ ದೊಡ್ಡ ಡ್ರ್ಯಾಗನ್‌ಫ್ಲೈಯೇ, ಆದರೂ ಅದರ ಕಣ್ಣುಗಳು ತಾಗುವುದಿಲ್ಲ. ಇತ್ತ ಲೆಸ್ಟಿಸ್ ಜಾತಿಯ ಡ್ಯಾಮ್ಸೆಲ್‌ಫ್ಲೈಗಳು ರೆಕ್ಕೆಯನ್ನು ಅರ್ಧ ತೆರೆದೇ ಕೂರುತ್ತವೆ. ಕಣ್ಣಿನ ನಡುವಿನ ಜಾಗ ನೋಡಲು ಎದುರಿನಿಂದ ನೋಡಬೇಕು, ಅಲ್ಲಿ ಈ ಬೈನಾಕ್ಯುಲರ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಡ್ಯಾಮ್ಸೆಲ್‌ಫ್ಲೈ ವಿಷಯದಲ್ಲಂತೂ ಇದಕ್ಕೆ ಸಾಟಿ ಕಡಿಮೆ. ಅವು ಹೆಚ್ಚು ಹೆದರುವುದಿಲ್ಲ, ನಿಧಾನವಾಗಿ ಕೂತು ಮುಂದೆ ಜರುಗಿದರೆ ಅರ್ಧ ಮೀಟರ್‌ವರೆಗೂ ಬಿಟ್ಟುಕೊಳ್ಳುತ್ತವೆ. ಹಳದಿ ಹೊಟ್ಟೆಯ ಕೋರಮಂಡಲ್ ಮಾರ್ಶ್ ಡಾರ್ಟ್ ಸುಲಭ. ನೀಲಿ ಗ್ರಾಸ್ ಡಾರ್ಟ್‌ಗಳು ಕಷ್ಟ, ಹೋಲುವ ಪ್ರಭೇದಗಳನ್ನು ಬಿಡಿಸಲು ಹೊಟ್ಟೆಯ ಎರಡನೇ ಖಂಡದ ಮೇಲಿನ ಕಪ್ಪು ಗುರುತು ಮತ್ತು ಬಾಲದ ತುದಿಯ ಕೊಂಡಿಗಳನ್ನು (ಗಂಡು ಹೆಣ್ಣನ್ನು ಹಿಡಿಯುವ ಅಂಗಗಳನ್ನು) ನೋಡಬೇಕು. ಗುರುತು ಚೆನ್ನಾಗಿ ಕಾಣುತ್ತದೆ. ಕೊಂಡಿಯ ಆಕಾರಕ್ಕೆ ಮಾತ್ರ ಕೆಲವೊಮ್ಮೆ ಪಕ್ಕದಿಂದ, ತೀರಾ ಹತ್ತಿರದಿಂದ ತೆಗೆದ ಮ್ಯಾಕ್ರೋ ಫೋಟೋನೇ ಬೇಕು.

ಕೊಥ್ರೂಡ್‌ನ ನಮ್ಮ ಪಕ್ಕದ ಮನೆಯ ಕಾಕಾ ಧಾರವಾಡದವರು. ಒಮ್ಮೆ ಡ್ರ್ಯಾಗನ್‌ಫ್ಲೈ ನೋಡಲು ಬೈನಾಕ್ಯುಲರ್ ಕೈಗೆ ಕೊಟ್ಟೆ. "ಏ ತಮ್ಮಾ, ಇದರ ಕಾಲಿಗೆಲ್ಲಾ ಮುಳ್ಳ ಅದಾವಲ್ಲೋ!" ಅಂದರು, ಆಮೇಲೆ ವಾಪಸ್ ಕೊಡಲೇ ಇಲ್ಲ. ಹೌದು, ಆ ಆರು ಮುಳ್ಳುಗಾಲುಗಳನ್ನು ಬುಟ್ಟಿ ಮಾಡಿಕೊಂಡೇ ಅವು ಹಾರುತ್ತಾ ಸೊಳ್ಳೆ ಹಿಡಿಯುವುದು.

ಕೊರತೆಗಳೂ ಇವೆ. ಇದು ವಾಟರ್‌ಪ್ರೂಫ್ ಅಲ್ಲ. ಪುಣೆಯಲ್ಲಿ ಈ ಹುಳಗಳ ಸುಗ್ಗಿ ಇರುವುದೇ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ, ಹಾಗಾಗಿ ಜಿಪ್ ಕವರ್ ಮತ್ತು ಸಿಲಿಕಾ ಜೆಲ್ ಪೊಟ್ಟಣ ಚೀಲದಲ್ಲಿ ಇರಲೇಬೇಕು. 21 ಮಿ.ಮೀ. ಲೆನ್ಸ್ ಆದ್ದರಿಂದ ಮುಸ್ಸಂಜೆಗೆ ಬೆಳಕು ಸಾಲದು. ಹಾರುತ್ತಲೇ ಇರುವ ವಾಂಡರಿಂಗ್ ಗ್ಲೈಡರ್ ಡ್ರ್ಯಾಗನ್‌ಫ್ಲೈಗಳನ್ನು ಹಿಂಬಾಲಿಸಲು ಇದು ಬೇಡವೇ ಬೇಡ. ಮಳೆಯ ಮುಂಚೂಣಿಯಲ್ಲಿ ಮೈದಾನಗಳ ಮೇಲೆ ಹಿಂಡು ಹಿಂಡಾಗಿ ತೇಲುವ, ಆಮೇಲೆ ಮಾಲ್ಡೀವ್ಸ್ ಮೇಲಿಂದ ಪೂರ್ವ ಆಫ್ರಿಕಾದ ಕಡೆ ಹಾರುವ ಈ ಪುಟ್ಟ ಯಾತ್ರಿಕರನ್ನು ಬರಿಗಣ್ಣಲ್ಲೇ ನೋಡಿ.

8.5×21 ಮಾದರಿಯೂ ಇದೆ. ಅದರಲ್ಲಿ ಕೈ ನಡುಗಿದ್ದು ಜಾಸ್ತಿ ಗೊತ್ತಾಗುತ್ತದೆ, ಕಾಣುವ ಜಾಗವೂ ಕಿರಿದು: 7.5 ಡಿಗ್ರಿ ಬದಲು 6. ಹುಲ್ಲಿನ ನಡುವೆ ಮೂರು ಸೆಂ.ಮೀ. ಹುಳ ಹುಡುಕುವವರಿಗೆ ಅಗಲವಾದ ನೋಟವೇ ಮುಖ್ಯ, 6.5 ತಗೊಳ್ಳಿ. ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ನೋಡಿ, ಕೊಳ್ಳುವ ಮುಂಚೆ ಕೈಗೆಟುಕುವ ದೂರದಲ್ಲಿ ಒಂದು ಪೇಪರ್ ಹಿಡಿಸಿ, ಸಣ್ಣ ಅಕ್ಷರ ಓದಿ. ಎರಡು ಕಣ್ಣಿಗೂ ಒಂದೇ ಚಿತ್ರ ಕಂಡರೆ ಬಿಲ್ ಮಾಡಿಸಿ.