ಆಯಿಯ ಫೋನಿನಲ್ಲಿ ಮೂರು ವರ್ಷ: ಬಿಟ್‌ವಾರ್ಡನ್ ಬಳಕೆಯ ಅನುಭವ

ಶಿರಸಿಯಿಂದ ಹುಲೇಕಲ್ ಕಡೆಗಿರುವ ನಮ್ಮ ಮನೆಯಲ್ಲಿ ಎಲ್ಲರ ಪಾಸ್‌ವರ್ಡುಗಳೂ ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಇರುತ್ತಿದ್ದವು. 2023ರ ಜನವರಿ ಮೊದಲ ವಾರ ಗೋಡೆಗೆ ಹೊಸ ಕ್ಯಾಲೆಂಡರ್ ಬಂತು, ಹಳೆಯದು ಬಚ್ಚಲೊಲೆಗೆ ಹೋಯಿತು. ಎರಡು ದಿನ ಬಿಟ್ಟು ಆಯಿ ಕಾರವಾರದಲ್ಲಿರುವ ನನಗೆ ಫೋನ್ ಮಾಡಿದಳು: "ತಮಾ, ಕರೆಂಟು ಬಿಲ್ಲು ಕಟ್ಟಲೆ ಆಗ್ತಾ ಇಲ್ಲೆ. ಪಾಸ್‌ವರ್ಡು ಒಲೆಗೆ ಹೋತು."

ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ತಿಜೋರಿಯಲ್ಲಿ ಬೀಗ ಹಾಕಿ ಇಡುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್‌ಗಳಿವೆ, ಬಿಟ್‌ವಾರ್ಡನ್ ಅಂಥದ್ದೊಂದು. ಆಗ ಅಂಥದ್ದೇ ಇನ್ನೊಂದು ಆ್ಯಪ್ ಆದ ಲಾಸ್ಟ್‌ಪಾಸ್‌ನ ಸುದ್ದಿ ಇನ್ನೂ ಬಿಸಿಯಾಗಿತ್ತು. ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿ ಕಳ್ಳರ ಕೈಸೇರಿದೆ ಎಂದು ಆ ಕಂಪನಿ 2022ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತ್ತು. ಪಾಸ್‌ವರ್ಡುಗಳು ಗೂಢಲಿಪಿಯಲ್ಲೇ ಇದ್ದವು, ಆದರೆ ಯಾವ ಯಾವ ಜಾಲತಾಣಕ್ಕೆ ಖಾತೆ ಇದೆ ಎನ್ನುವ ವಿಳಾಸಗಳು ಬಯಲಾಗಿಯೇ ಇದ್ದವು. ಆ ಗೂಢಲಿಪಿಯನ್ನು ಕಾಯುವುದು ಕೊನೆಗೂ ಒಂದೇ, ಬಳಕೆದಾರ ಇಟ್ಟುಕೊಂಡ ಮಾಸ್ಟರ್ ಪಾಸ್‌ವರ್ಡ್, ಅಂದರೆ ತಿಜೋರಿಯನ್ನೇ ತೆರೆಯುವ ಪಾಸ್‌ವರ್ಡ್. ನಮ್ಮ ಮನೆಯಲ್ಲೋ ಎಲ್ಲ ಬಾಗಿಲಿಗೂ ಒಂದೇ ಕೀಲಿ: ನಾಯಿಯ ಹೆಸರು, ಮುಂದೆ ಒಂದು ಎರಡು ಮೂರು. ಇದನ್ನು ಸರಿ ಮಾಡಲೇಬೇಕು ಅನಿಸಿತು.

ಇಂಥ ಆ್ಯಪ್‌ಗಳಲ್ಲಿ ಕೀಪಾಸ್ ನಾನು ಕಾಲೇಜಿನಿಂದ ಬಳಸಿದ್ದು, ಇವತ್ತಿಗೂ ಅದರ ಮೇಲೆ ಗೌರವವಿದೆ. ಆದರೆ ಅದರ ತಿಜೋರಿ ಅಂದರೆ ಒಂದು ಫೈಲ್. ಆ ಫೈಲನ್ನು ಮೂರು ಫೋನುಗಳ ನಡುವೆ ಹೊಂದಿಸಿಡುವ ಕೆಲಸ ಯಾರದ್ದು? ನನ್ನದೇ ಆಗುತ್ತದೆ, ನಾನಿರುವುದು ಘಟ್ಟದ ಕೆಳಗೆ. ಒನ್‌ಪಾಸ್‌ವರ್ಡ್‌ನ ಕುಟುಂಬ ಯೋಜನೆಯಲ್ಲಿ ಮನೆಯ ಒಬ್ಬರು ಇನ್ನೊಬ್ಬರ ಖಾತೆಯನ್ನು ಮರಳಿ ತೆರೆದುಕೊಡಬಹುದು. ವಯಸ್ಸಾದವರಿರುವ ಮನೆಗೆ ಅದು ದೊಡ್ಡ ಅನುಕೂಲ, ಖರ್ಚು ತೊಂದರೆಯಿಲ್ಲ ಅನ್ನುವವರು ಅದನ್ನೇ ಮೊದಲು ನೋಡಿ. ಉಚಿತ ಯೋಜನೆ ಅದರಲ್ಲಿಲ್ಲ. ಬಿಟ್‌ವಾರ್ಡನ್ ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ, ಎಷ್ಟು ಫೋನ್ ಬೇಕಾದರೂ ಒಪ್ಪುತ್ತದೆ, ಅದರ ಕೋಡ್ ಯಾರು ಬೇಕಾದರೂ ನೋಡಬಹುದಾದ ಮುಕ್ತ ಕೋಡ್. ಮನೆಯಲ್ಲೇ ಸರ್ವರ್ ಇಟ್ಟು ನಡೆಸುವ ದಾರಿಯೂ ಇದೆ. ಆಷಾಢದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದ ಊರಿಗೆ ಅದು ಹೇಳಿದ್ದಲ್ಲ.

ಶುರುವಿನಲ್ಲೇ ಎಡವಿದ್ದು ಮಾಸ್ಟರ್ ಪಾಸ್‌ವರ್ಡ್ ಮಾಡುವಲ್ಲಿ. ಗಾದೆ, ಶ್ಲೋಕ, ಭಜನೆಯ ಸಾಲು ಯಾವುದೂ ಬೇಡ ಅಂದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಇರಲಿ, ಆ ಪದಗಳನ್ನೂ ನಾವು ಆರಿಸುವುದು ಬೇಡ. ಇಂಗ್ಲಿಷಿನಲ್ಲಿ ಇದಕ್ಕೆ ಡೈಸ್‌ವೇರ್ ಎಂಬ ಪದ್ಧತಿಯಿದೆ: ಐದು ದಾಳ ಉರುಳಿಸಿ 7776 ಪದಗಳ ಪಟ್ಟಿಯಿಂದ ಒಂದೊಂದೇ ಪದ ಹೆಕ್ಕುವುದು. ನಾವು ಮನೆಯ ಹಳೇ ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟೆವು. ಆಯಿಗೆ ಬಂದ ಐದು ಪದ ಅವಳಿಗೆ ಅರ್ಧ ಗಂಟೆಯಲ್ಲಿ ಬಾಯಿಪಾಠವಾದವು.

ಮಾರನೇ ದಿನ ತಿಜೋರಿ ತೆರೆಯಲಿಲ್ಲ. ಪದ ಮರೆತಿರಲಿಲ್ಲ, ಮರೆತದ್ದು ಕಾಗುಣಿತ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವಾಗ "ತೋಟ"ಕ್ಕೆ ಓ ಒಂದೋ ಎರಡೋ? ಟಿ ಆದಮೇಲೆ ಎಚ್ ಇದೆಯೋ ಇಲ್ಲವೋ? ಮೊದಲ ದಿನ ಹೇಗೆ ಹೊಡೆದಿದ್ದಳೋ ಎರಡನೇ ದಿನ ಹಾಗೆ ಹೊಡೆಯಲಿಲ್ಲ. ಅದರ ಮೇಲೆ ಕೀಬೋರ್ಡು ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುತ್ತಿತ್ತು. ಬಿಟ್‌ವಾರ್ಡನ್‌ನವರಿಗೆ ನಮ್ಮ ಮಾಸ್ಟರ್ ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಮರೆತರೆ ಅವರು ತೆಗೆದುಕೊಡಲಾರರು. ಹಾಗಾಗಿ ಖಾತೆ ಅಳಿಸಿ ಹೊಸದಾಗಿ ಮಾಡಿದೆವು. ಈ ಸಲ ಎಲ್ಲ ಸಣ್ಣಕ್ಷರ, ನಡುವೆ ಅಡ್ಡಗೆರೆ, ಒಂದೊಂದು ಅಕ್ಷರವನ್ನೂ ಆಯಿಯೇ ಕಾಗದದ ಮೇಲೆ ಬರೆದಳು. ಆ ಕಾಗದ ಕಬ್ಬಿಣದ ಕಪಾಟಿನ ಒಳಖಾನೆಯಲ್ಲಿ, ತೋಟದ ಪಹಣಿ ಜೊತೆ ಇದೆ. ಮೊದಲ ಮಳೆಗಾಲದ ತೇವಕ್ಕೆ ಶಾಯಿ ಹರಡಿ ಎರಡು ಪದ ಕಲಸಿಹೋಯಿತು. ಈಗ ಪೆನ್ಸಿಲ್ಲಿನಲ್ಲಿ ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದೇವೆ. ಕಾಗದದಲ್ಲಿ ಬರೆಯಬಾರದು ಅನ್ನುವ ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ಬೇರೆ ದೇಶದ ಕಳ್ಳ ನಮ್ಮ ಕಪಾಟಿಗೆ ಕೈಹಾಕುವುದಿಲ್ಲ, ಆಯಿ ಮರೆಯುವುದು ಮಾತ್ರ ಖಂಡಿತ ಆಗುವ ಸಂಗತಿ.

ದಿನನಿತ್ಯ ಬೆರಳಚ್ಚಿನಿಂದ ತೆರೆದರೆ ಸಾಕು ಅಂದುಕೊಂಡಿದ್ದೆವು. ಕಾರ್ತಿಕ ಬಂತು, ಅಡಿಕೆ ಕೊಯ್ಲು ಶುರುವಾಯಿತು. ಇಡೀ ದಿನ ಹಸಿ ಅಡಿಕೆ ಸುಲಿದ ಕೈ ಚೊಗರು ಹಿಡಿದು ಕಪ್ಪಾಗುತ್ತದೆ, ಬೆರಳ ತುದಿ ಒರಟಾಗಿ ಸೀಳುತ್ತದೆ. ಫೋನಿಗೆ ಆ ಬೆರಳು ಗುರುತೇ ಸಿಗುವುದಿಲ್ಲ. ಸುಗ್ಗಿ ಮುಗಿಯುವ ತನಕ ಪಿನ್ ಒಂದೇ ದಾರಿ. ತೋಟದ ಕೆಲಸದ ಮನೆಯವರಿಗೆ ಆ್ಯಪ್ ಹಾಕಿಕೊಡುವವರು ಮೊದಲ ದಿನವೇ ಪಿನ್ ಕೂಡ ಇಟ್ಟುಕೊಡಿ.

ಇನ್ನೊಂದು ತಪ್ಪು ನನ್ನ ಸೆಟ್ಟಿಂಗಿನದು. ಸುರಕ್ಷಿತವಾಗಿರಲಿ ಎಂದು ಸ್ವಲ್ಪ ಹೊತ್ತಿನ ಮೇಲೆ ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಗುವಂತೆ ಇಟ್ಟಿದ್ದೆ. ಲಾಕ್ ಆದರೆ ನೆಟ್ ಇಲ್ಲದಿದ್ದರೂ ಪಿನ್ ಹಾಕಿ ಒಳಗಿನದ್ದು ಓದಬಹುದು, ಫೋನಿನಲ್ಲೇ ಒಂದು ಪ್ರತಿ ಇರುತ್ತದೆ. ಲಾಗ್‌ಔಟ್ ಆದರೆ ಮರಳಿ ಒಳಗೆ ಹೋಗಲು ನೆಟ್ ಬೇಕೇ ಬೇಕು. ಜುಲೈ ತಿಂಗಳ ಮಳೆಯಲ್ಲಿ ಟವರ್ ಸತ್ತ ಮೂರು ದಿನ ಆಯಿ ಹೊರಗೇ ನಿಂತಳು. ಊರ ಕಡೆಯವರಿಗೆ ಲಾಕ್ ಎಂದೇ ಇಡಿ.

ಈಗ ಅದು ಗೆದ್ದುಕೊಟ್ಟ ದಿನದ ಮಾತು. ಅಪ್ಪಯ್ಯನಿಗೆ ಒಂದು ಮೆಸೇಜ್ ಬಂತು, ಕೆವೈಸಿ ಮಾಡದಿದ್ದರೆ ಇಂದು ರಾತ್ರಿಯೇ ಖಾತೆ ಬಂದ್ ಎಂದು. ಕೊಂಡಿ ಒತ್ತಿದರೆ ಬ್ಯಾಂಕಿನದ್ದೇ ಬಣ್ಣ, ಬ್ಯಾಂಕಿನದ್ದೇ ಲಾಂಛನ. ಯಾವಾಗಲೂ ಕೀಬೋರ್ಡಿನ ಮೇಲೆ ಬರುತ್ತಿದ್ದ ಅವರ ಹೆಸರು ಮಾತ್ರ ಬರಲಿಲ್ಲ. ವಿಳಾಸ ಬೇರೆಯಾದರೆ ಬಿಟ್‌ವಾರ್ಡನ್ ಪಾಸ್‌ವರ್ಡ್ ಮುಂದಿಡುವುದಿಲ್ಲ, ಕಣ್ಣಿಗೆ ಪುಟ ಎಷ್ಟೇ ಒಂದೇ ಥರ ಕಂಡರೂ. ಅಪ್ಪಯ್ಯ ಇದನ್ನೆಲ್ಲ ತಿಳಿದವರಲ್ಲ. "ಇದು ತುಂಬ್ತಾ ಇಲ್ಲೆ, ಎಂತ ಮಾಡವು?" ಎಂದು ನನಗೆ ಫೋನ್ ಮಾಡಿದರು, ಅಷ್ಟೇ. ಅಷ್ಟು ಸಾಕಾಯಿತು. ಆವತ್ತಿನಿಂದ ಮನೆಯಲ್ಲಿ ಒಂದೇ ನಿಯಮ: ತಾನಾಗಿ ತುಂಬದಿದ್ದರೆ ಕೈಯಿಂದ ಹೊಡೆಯಬಾರದು, ಮೊದಲು ಕಾರವಾರಕ್ಕೆ ಫೋನ್.

ಈ ನಿಯಮವನ್ನು ಕೆಡಿಸುವುದು ಕೆಲವು ಬ್ಯಾಂಕ್ ಆ್ಯಪ್‌ಗಳೇ. ತುಂಬುವುದಕ್ಕೂ ಬಿಡುವುದಿಲ್ಲ, ಪೇಸ್ಟ್ ಮಾಡುವುದಕ್ಕೂ ಬಿಡುವುದಿಲ್ಲ. ಇಪ್ಪತ್ತು ಅಕ್ಷರದ ಪಾಸ್‌ವರ್ಡನ್ನು ನೋಡಿ ನೋಡಿ ಹೊಡೆಯಬೇಕಾದ ಮುದುಕರು ಮತ್ತೆ ನಾಯಿಯ ಹೆಸರಿಗೇ ಮರಳುತ್ತಾರೆ. ನನಗೆ ಇದು ನಿಜವಾಗಿ ಸಿಟ್ಟು ತರಿಸುತ್ತದೆ.

ದೊಡ್ಡಪ್ಪನ ಖಾತೆಗೆ ಮಾತ್ರ ನಾವು ಪ್ರೀಮಿಯಂ ದುಡ್ಡು ಕಟ್ಟುತ್ತೇವೆ, ಎಮರ್ಜೆನ್ಸಿ ಆಕ್ಸೆಸ್‌ಗಾಗಿ. ಅವರು ನನ್ನನ್ನು ನಂಬಿಕೆಯ ವ್ಯಕ್ತಿ ಎಂದು ಸೇರಿಸಿ, ಕಾಯುವ ಅವಧಿ ಎರಡು ದಿನ ಎಂದು ಇಟ್ಟಿದ್ದಾರೆ. ನಾನು ಕೋರಿಕೆ ಕಳಿಸಿದರೆ ಅವರಿಗೆ ಇಮೇಲ್ ಹೋಗುತ್ತದೆ. ಎರಡು ದಿನದಲ್ಲಿ ಅವರು ಬೇಡ ಅನ್ನದಿದ್ದರೆ ಅವರ ತಿಜೋರಿ ನನಗೆ ಓದಲು ತೆರೆಯುತ್ತದೆ. ನನ್ನ ಖಾತೆ ಉಚಿತದ್ದೇ ಆದರೂ ನಡೆಯುತ್ತದೆ. ಅವರು ಕರೆಯಬೇಕು, ನಾನು ಒಪ್ಪಬೇಕು, ಆಮೇಲೆ ಅವರು ಮತ್ತೊಮ್ಮೆ ಖಚಿತಪಡಿಸಬೇಕು. ಈ ಮೂರನೇ ಹೆಜ್ಜೆಯನ್ನು ಮರೆತು ಎಲ್ಲ ಮುಗಿಯಿತು ಅಂದುಕೊಂಡರೆ ಬೇಕಾದ ದಿನ ಬಾಗಿಲು ತೆರೆಯುವುದಿಲ್ಲ.

ಕಳೆದ ವರ್ಷ ದೊಡ್ಡಪ್ಪ ತೋಟದಲ್ಲಿ ಕುಸಿದರು, ಹುಬ್ಬಳ್ಳಿಗೆ ಕರೆದೊಯ್ದೆವು. ಆಸ್ಪತ್ರೆಯ ಕೌಂಟರಿನಲ್ಲಿ ವಿಮೆಯ ಪಾಲಿಸಿ ನಂಬರ್ ಕೇಳಿದರು. ದೊಡ್ಡಮ್ಮನಿಗೆ ವಿಮೆ ಇದೆ ಅನ್ನುವುದಷ್ಟೇ ಗೊತ್ತು. ಸೋಮವಾರ ರಾತ್ರಿ ಹೊರಗಿನ ಬೆಂಚಿನ ಮೇಲೆ ಕೂತು ಕೋರಿಕೆ ಕಳಿಸಿದೆ, ಬುಧವಾರ ರಾತ್ರಿ ತೆರೆಯಿತು. ನಂಬರ್, ಲಾಗಿನ್, ಏಜೆಂಟನ ಫೋನ್ ಎಲ್ಲ ಒಂದೇ ಟಿಪ್ಪಣಿಯಲ್ಲಿತ್ತು. ಆ ಟಿಪ್ಪಣಿಯ ಕೊನೆಯಲ್ಲಿ ಯಾರು ಯಾರಿಗೆ ಎಷ್ಟು ಸಾಲ ತೀರಿಸುವುದಿದೆ ಎಂದೂ ಬರೆದಿಟ್ಟಿದ್ದರು. ಅದನ್ನು ಓದಿ ಕಣ್ಣು ತುಂಬಿತು. ಅವರು ಗುಣವಾಗಿ ಬಂದಿದ್ದಾರೆ, ಮೊದಲು ಕೇಳಿದ್ದೇ "ಎಲ್ಲಾ ಸಿಕ್ಚಾ?" ಎಂದು. ಕಾಯುವ ಅವಧಿಯನ್ನು ಈಗ ಒಂದು ದಿನಕ್ಕೆ ಇಳಿಸಿದ್ದೇವೆ.

ಫೋನ್ ಬದಲಿಸುವವರಿಗೆ ಒಂದು ಎಚ್ಚರಿಕೆ. 2025ರಿಂದ, ಎರಡು ಹಂತದ ಲಾಗಿನ್ ಹಾಕಿಕೊಳ್ಳದವರು ಹೊಸ ಫೋನಿನಲ್ಲಿ ಒಳಹೋಗುವಾಗ ಇಮೇಲಿಗೆ ಕೋಡ್ ಬರುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಇಮೇಲಿನ ಪಾಸ್‌ವರ್ಡೂ ತಿಜೋರಿಯ ಒಳಗೇ ಇದ್ದರೆ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ನಮ್ಮ ಕಪಾಟಿನ ಕಾಗದದಲ್ಲಿ ಈಗ ಇಮೇಲಿನದ್ದೂ ಇದೆ. ಯುಪಿಐ ಪಿನ್ ಎಲ್ಲಿಯೂ ಬರೆದಿಲ್ಲ, ಅದು ತಲೆಯಲ್ಲೇ ಇರಲಿ.

ದೊಡ್ಡಮ್ಮನಿಗೆ ಬಿಟ್‌ವಾರ್ಡನ್ ಹಾಕಿಕೊಡಲಿಲ್ಲ. ಅವಳ ಫೋನಿನಲ್ಲಿರುವುದು ನಾಲ್ಕೇ ಖಾತೆ, ಆಂಡ್ರಾಯ್ಡ್‌ನಲ್ಲೇ ಬರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಅವಳಿಗೆ ಸಾಕು, ಹೊಸತೇನೂ ಕಲಿಯಬೇಕಿಲ್ಲ. ಫೋನಿನ ಲಾಕ್ ಮಾತ್ರ ಗಟ್ಟಿ ಮಾಡಿಸಿದೆ. ಮೊದಲು ಅವಳ ಪಿನ್ ಮೊಮ್ಮಕ್ಕಳಿಗೆಲ್ಲ ಗೊತ್ತಿತ್ತು.